ಕೇವಲ ಮೊಣಕಾಲುದ್ದ ನೀರು

ಸರ್ಕಾರಿ ಸೇವೆಯ ಅವಧಿಯಲ್ಲಿ ನಾನು ಬರೆದ ನೂರಾರು ವರದಿಗಳಲ್ಲಿ ಒಂದರ ಒಂದೇ ಒಂದು ಪದ ಮೂವತ್ತು ವರ್ಷಗಳ ಮೇಲೂ ನನ್ನನ್ನು ಬಿಟ್ಟಿಲ್ಲ. ಉತ್ತರ ಕರ್ನಾಟಕದ ಒಂದು ತಾಲ್ಲೂಕಿನಲ್ಲಿ ತಹಶೀಲ್ದಾರನಾಗಿದ್ದ ದಿನಗಳವು. ಶ್ರಾವಣದ ಒಂದು ಬೆಳಿಗ್ಗೆ, ಸೈಕಲ್ಲಿಗೆ ಹಾಲಿನ ಕ್ಯಾನುಗಳನ್ನು ಕಟ್ಟಿಕೊಂಡಿದ್ದ ಯುವಕನೊಬ್ಬ ನೀರು ಹಾಯುತ್ತಿದ್ದ ಕೆಳಮಟ್ಟದ ಸೇತುವೆಯನ್ನು ದಾಟಲು ಹೋಗಿ ಕೊಚ್ಚಿಹೋದ. ಶವ ದೊರೆತದ್ದು ಮೂರನೆಯ ದಿನ. ಪರಿಹಾರದ ಕಡತಕ್ಕೆಂದು ನಾನು ಬರೆದ ವರದಿಯಲ್ಲಿ, ‘ಘಟನೆಯ ಸಮಯದಲ್ಲಿ ಸೇತುವೆಯ ಮೇಲೆ ಕೇವಲ ಮೊಣಕಾಲುದ್ದ ನೀರಿದ್ದು, ಮೃತನು ಆಕಸ್ಮಿಕವಾಗಿ ಕಾಲುಜಾರಿ’ ಎಂಬ ವಾಕ್ಯವಿತ್ತು. ಅದನ್ನು ಯಾರೂ ಪ್ರಶ್ನಿಸಲಿಲ್ಲ. ಪರಿಹಾರ ಮಂಜೂರಾಯಿತು, ಕಡತ ಮುಕ್ತಾಯವಾಯಿತು. ಆ ‘ಕೇವಲ’ ಎಂಬ ಪದ ಎಷ್ಟು ಸುಳ್ಳೆಂಬುದು ನನಗೆ ತಿಳಿದದ್ದು ನಿವೃತ್ತನಾದ ಮೇಲೆ. ಅದೂ ಮೋಜಿಗೆಂದು ಹೋದ ಕಡೆಯಲ್ಲಿ.

ನಿವೃತ್ತಿಯ ಎರಡನೆಯ ವರ್ಷದ ಡಿಸೆಂಬರಿನಲ್ಲಿ, ಬೆಂಗಳೂರಿನ ಮಗಳ ಸಂಸಾರದೊಡನೆ ಉತ್ತರ ಕನ್ನಡದ ಜೋಯಿಡಾ ತಾಲ್ಲೂಕಿನ ಗಣೇಶಗುಡಿಗೆ ಹೋಗಿದ್ದೆ. ಕಾಳಿ ನದಿಯಲ್ಲಿ ರಬ್ಬರಿನ ತೆಪ್ಪದ ಮೇಲೆ ಕುಳಿತು ನೊರೆನೀರಿನಲ್ಲಿ ಇಳಿದುಹೋಗುವ ಸಾಹಸಕ್ಕೆ ಅದು ಹೆಸರಾದ ಸ್ಥಳ. ‘ಮುತ್ಯಾ, ನೀವೂ ಬರಬೇಕು’ ಎಂದು ಹದಿನಾರರ ಮೊಮ್ಮಗ ಹಟ ಹಿಡಿದ. ಬೆಂಗಳೂರಿನಲ್ಲಿ ಬೆಳೆದರೂ ನಮ್ಮ ಸೀಮೆಯ ಆ ಸಂಬೋಧನೆಯನ್ನು ಅವನು ಬಿಟ್ಟಿಲ್ಲ. ಬಹುಶಃ ಅದಕ್ಕೇ ನಾನು ಸೋತೆ. ಅರವತ್ತೆರಡು ಎಂದು ವಯಸ್ಸು ಹೇಳಿದಾಗ ಮಾರ್ಗದರ್ಶಿ ಯುವಕ ನನ್ನನ್ನು ಒಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿ, ‘ಈಜು ಬರುತ್ತಾ ಸರ್?’ ಎಂದು ಕೇಳಿದ. ತೆಂಗಳಿಯ ಬಾವಿಗಳಲ್ಲಿ ಬೆನ್ನಿಗೆ ಈಸುಗುಂಬಳ ಕಟ್ಟಿಕೊಂಡು ಕಲಿತವನು ಎಂದೆ. ಆತ ನಕ್ಕು, ‘ಬಾವಿ ನೀರು ನಿಂತಿರುತ್ತೆ ಸರ್, ಇದು ನಡೀತಾ ಇರುತ್ತೆ’ ಎಂದ.

ಕಾಳಿ ಸುಮಾರು 184 ಕಿಲೋಮೀಟರು ಹರಿದು ಕಾರವಾರದ ಬಳಿ ಅರಬ್ಬಿ ಸಮುದ್ರ ಸೇರುವ ನದಿ. ಹುಟ್ಟುವುದೂ ಸಮುದ್ರ ಸೇರುವುದೂ ಒಂದೇ ಜಿಲ್ಲೆಯಲ್ಲಿ. ಗಣೇಶಗುಡಿಯಲ್ಲಿ ಅದಕ್ಕೆ ಅಡ್ಡವಾಗಿ 101 ಮೀಟರು ಎತ್ತರದ ಸೂಪಾ ಅಣೆಕಟ್ಟು ನಿಂತಿದೆ. ಸುಮಾರು 147 ಟಿಎಂಸಿ ಅಡಿ ನೀರನ್ನು ಹಿಡಿದಿಡಬಲ್ಲ ಈ ಜಲಾಶಯದಲ್ಲಿ ಹಳೆಯ ಸೂಪಾ ಪೇಟೆಯೂ ಅನೇಕ ಹಳ್ಳಿಗಳೂ ಮುಳುಗಿವೆ. ಅಲ್ಲಿಂದ ಎದ್ದು ಬಂದ ಕುಟುಂಬಗಳು ರಾಮನಗರದಲ್ಲಿ ನೆಲೆಸಿವೆ. ಅಣೆಕಟ್ಟಿನ ಬುಡದಲ್ಲಿ ತಲಾ 50 ಮೆಗಾವಾಟಿನ ಎರಡು ವಿದ್ಯುತ್ ಯಂತ್ರಗಳಿವೆ. ಅವನ್ನು ತಿರುಗಿಸಿ ಹೊರಬಂದ ನೀರೇ ಮುಂದೆ ದಾಂಡೇಲಿಯ ಕಡೆಗೆ ಹರಿಯುತ್ತದೆ, ಬೊಮ್ಮನಹಳ್ಳಿಯಲ್ಲಿ ಮತ್ತೆ ನಿಲ್ಲುತ್ತದೆ, ನಾಗಝರಿಯಲ್ಲಿ ಮತ್ತೆ ವಿದ್ಯುತ್ತಾಗುತ್ತದೆ. ತೆಪ್ಪಗಳು ಇಳಿಯುವುದು ಸೂಪಾದ ಕೆಳಗಿನ ಹರಿವಿನಲ್ಲಿ. ನದಿಗಳ ಕಠಿಣತೆಯನ್ನು ಅಳೆಯುವ ಅಂತರರಾಷ್ಟ್ರೀಯ ಪದ್ಧತಿಯಲ್ಲಿ ಆರು ದರ್ಜೆಗಳಿವೆ. ಮೊದಲನೆಯದು ಮಂದವಾದ ಹರಿವು, ಆರನೆಯದು ಪಳಗಿದವರೂ ಹಿಂಜರಿಯುವಂಥದ್ದು. ಕಾಳಿಯ ಈ ಭಾಗ ಬಹುಮಟ್ಟಿಗೆ ಎರಡು ಮತ್ತು ಮೂರನೆಯ ದರ್ಜೆಯದು. ಹೊಸಬರಿಗೆ ಹೇಳಿ ಮಾಡಿಸಿದ ನದಿಯೆಂದು ಇದನ್ನು ಕರೆಯುವುದು ಆ ಕಾರಣಕ್ಕೆ.

ತೆಪ್ಪ ಹತ್ತುವ ಮುನ್ನ ಆ ಯುವಕ ನಮಗೆ ಕಲಿಸಿದ್ದು ನಾಲ್ಕು ಪಾಠ. ಹುಟ್ಟನ್ನು ಹಿಡಿಯುವ ಬಗೆ ಮೊದಲನೆಯದು. ಅವನ ಕೂಗಿಗೆ ಎಲ್ಲರೂ ಒಟ್ಟಾಗಿ ಹುಟ್ಟು ಹಾಕುವುದು ಎರಡನೆಯದು. ನೀರಿಗೆ ಬಿದ್ದರೆ ಅಂಗಾತ ಮಲಗಿ, ಕಾಲುಗಳನ್ನು ಹರಿವಿನ ದಿಕ್ಕಿಗೆ ಚಾಚಿ, ಬರುವ ಬಂಡೆಯನ್ನು ಪಾದದಿಂದ ತಳ್ಳುವುದು ಮೂರನೆಯದು. ನಾಲ್ಕನೆಯದನ್ನು ಆತ ಎರಡು ಸಲ ಹೇಳಿದ: ಹರಿಯುವ ನೀರಿನಲ್ಲಿ ಎದ್ದು ನಿಲ್ಲಲು ಹೋಗಬಾರದು. ಬಂಡೆಗಳ ಸಂದಿನಲ್ಲಿ ಪಾದ ಸಿಕ್ಕಿಕೊಂಡರೆ ಹಿಂದಿನಿಂದ ಬರುವ ನೀರು ಮನುಷ್ಯನನ್ನು ಮುಂದಕ್ಕೆ ಬಾಗಿಸಿ ಅಲ್ಲೇ ಅದುಮಿಬಿಡುತ್ತದೆ. ಎದೆಮಟ್ಟದ ನೀರೂ ಬೇಕಿಲ್ಲ.

‘ಇಷ್ಟು ಕಡಿಮೆ ನೀರಿನಲ್ಲೂ?’ ಎಂದು ನಾನು ದಡದಂಚಿನ ಹರಿವನ್ನು ತೋರಿಸಿ ಕೇಳಿದೆ. ಆತ ಮಾತಾಡದೆ ನನ್ನ ಜೀವರಕ್ಷಕ ಕವಚದ ಪಟ್ಟಿಯನ್ನು ಗಟ್ಟಿಯಾಗಿ ಹಿಡಿದು, ದಡದಿಂದ ಮೂರು ಹೆಜ್ಜೆ ಒಳಗೆ ಕರೆದೊಯ್ದು ನಿಲ್ಲಿಸಿದ. ನೀರು ನನ್ನ ಮೊಣಕಾಲಿನ ಚಿಪ್ಪಿಗೆ ತಾಕುತ್ತಿತ್ತು. ಎರಡು ಕಾಲೂ ಊರಿದ್ದಾಗ ಹೇಗೋ ನಿಂತೆ. ಒಂದು ಹೆಜ್ಜೆ ಇಡಲೆಂದು ಬಲಗಾಲು ಎತ್ತಿದ ಮರುಕ್ಷಣ ಎಡಗಾಲಿನ ಅಡಿಯ ನೆಲವೇ ಸರಿದಂತಾಗಿ ಬಿದ್ದೆ. ಆತ ಹಿಡಿದಿದ್ದರಿಂದ ಮೂಗಿಗೆ ನೀರು ಹೊಕ್ಕಿದ್ದಷ್ಟೇ ನಷ್ಟ. ಮೊಮ್ಮಗ ನಗುತ್ತಿದ್ದ. ನನಗೆ ಮಾತ್ರ ಆ ಕ್ಷಣದಲ್ಲಿ ನೆನಪಾದದ್ದು ಹಾಲಿನ ಹುಡುಗ. ಅವನ ಕೈಯಲ್ಲಿ ಸೈಕಲ್ಲಿತ್ತು, ಸೈಕಲ್ಲಿನ ಎರಡು ಬದಿಗೂ ಕ್ಯಾನುಗಳಿದ್ದವು, ಪಟ್ಟಿ ಹಿಡಿಯಲು ಯಾರೂ ಇರಲಿಲ್ಲ.

ಊರಿಗೆ ಬಂದ ಮೇಲೆ ಲೆಕ್ಕ ಹಾಕಿದೆ. ಲೆಕ್ಕ ಕಠಿಣವೇನಲ್ಲ, ಶಾಲೆಯ ಭೌತಶಾಸ್ತ್ರ ಸಾಕು. ಒಂದು ಘನ ಮೀಟರು ನೀರಿನ ತೂಕ 1000 ಕಿಲೋ. ಹರಿಯುವ ನೀರಿನ ವೇಗ ಎರಡರಷ್ಟಾದರೆ ಅದರ ತಳ್ಳುವಿಕೆ ಎರಡರಷ್ಟಾಗುವುದಿಲ್ಲ, ನಾಲ್ಕರಷ್ಟಾಗುತ್ತದೆ. ವೇಗ ಮೂರರಷ್ಟಾದರೆ ಒಂಬತ್ತರಷ್ಟು. ಮೊಣಕಾಲುದ್ದ ನೀರಿನಲ್ಲಿ ನಿಂತವನ ಎರಡು ಕಾಲುಗಳ ಮೇಲೆ, ಸೆಕೆಂಡಿಗೆ 1 ಮೀಟರು ವೇಗದ ಹರಿವು ಅಂದಾಜು 6 ಕಿಲೋ ಭಾರದಷ್ಟು ತಳ್ಳಿದರೆ, 3 ಮೀಟರು ವೇಗದ ಹರಿವು 50 ಕಿಲೋ ಭಾರಕ್ಕೂ ಮಿಗಿಲಾಗಿ ತಳ್ಳುತ್ತದೆ. ಆಳ ಒಂದೇ, ಅಪಾಯ ಒಂಬತ್ತು ಪಟ್ಟು. ಅಮೆರಿಕದ ರಾಷ್ಟ್ರೀಯ ಹವಾಮಾನ ಸೇವೆ ತನ್ನ ನಾಗರಿಕರಿಗೆ ಹೇಳುವ ಮಾತೂ ಇದೇ: ರಭಸದ ಪ್ರವಾಹವಾದರೆ ಆರು ಅಂಗುಲ ನೀರು ವಯಸ್ಕನನ್ನು ಕೆಡವಬಲ್ಲದು, ಒಂದಡಿ ನೀರು ಸಣ್ಣ ಕಾರನ್ನು ಒಯ್ಯಬಲ್ಲದು, ಎರಡಡಿ ನೀರು ಬಹುತೇಕ ವಾಹನಗಳನ್ನು ತೇಲಿಸಬಲ್ಲದು. ನಾವೋ ಆಳವನ್ನು ಮಾತ್ರ ನೋಡುತ್ತೇವೆ. ವರದಿಯಲ್ಲಿ ನಾನು ಬರೆದದ್ದೂ ಆಳವನ್ನೇ.

ಆ ಮೊದಲ ಪಯಣದ ಬಳಿಕ ನಾನು ಕಾಳಿಗೆ ಇನ್ನೆರಡು ಸಲ ಹೋದೆ. ಒಂದೇ ನದಿ ಮೂರು ಬೇರೆ ನದಿಗಳಾಗಿ ಕಂಡಿತು.

ಮೊದಲ ಸಲದ್ದು ಹದವಾದ ನೀರು. ಬಂಡೆಗಳ ನೆತ್ತಿಗಳು ಮೇಲೆ ಕಾಣುತ್ತಿದ್ದವು. ಎರಡು ಬಂಡೆಗಳ ನಡುವೆ ನೀರು ನಯವಾದ ನಾಲಗೆಯಂತೆ ಕೆಳಗಿಳಿದು, ಅದರ ತುದಿಯಲ್ಲಿ ಸಾಲು ತೆರೆಗಳೇಳುತ್ತಿದ್ದವು. ಆ ನಾಲಗೆಯೇ ದಾರಿ. ದೊಡ್ಡ ಬಂಡೆಯ ಹಿಂಬದಿಯಲ್ಲಿ ನೀರು ಮಂದವಾಗಿ ಹಿಮ್ಮುಖ ತಿರುಗುವ ಜಾಗಗಳಿದ್ದವು. ತೆಪ್ಪವನ್ನು ಅಲ್ಲಿಗೆ ತಿರುಗಿಸಿದರೆ ವಿಶ್ರಾಂತಿ. ಒಂದು ಇಳಿಜಾರು ಮುಗಿದೊಡನೆ ಒಂದು ಮಡು. ಬಿದ್ದವರನ್ನು ಎತ್ತಿಕೊಳ್ಳಲು ಅವಕಾಶ. ತಪ್ಪು ಮಾಡಿದವರನ್ನು ನದಿ ಕ್ಷಮಿಸುತ್ತಿತ್ತು.

ಎರಡನೆಯ ಸಲ ಹೋದಾಗ ನೀರು ಇಳಿದಿತ್ತು. ನೀರು ಕಡಿಮೆಯಾದರೆ ಅಪಾಯವೂ ಕಡಿಮೆ ಎಂದು ನಂಬಿದ್ದ ನನಗೆ ಅಲ್ಲಿ ಬೇರೆಯೇ ಪಾಠವಾಯಿತು. ತೆಪ್ಪ ಹೆಜ್ಜೆಹೆಜ್ಜೆಗೆ ಬಂಡೆ ಹತ್ತಿ ಕೂರುತ್ತಿತ್ತು. ಅಡ್ಡಲಾಗಿ ಬಂಡೆಗೆ ಒತ್ತಿ ನಿಂತ ತೆಪ್ಪದೊಳಗೆ ಮೇಲಿನ ಬದಿಯಿಂದ ನೀರು ನುಗ್ಗಿದರೆ ಅದನ್ನು ಬಿಡಿಸುವುದು ಸುಲಭವಲ್ಲ. ಎಲ್ಲರಿಗೂ ಇಳಿದು ತಳ್ಳುವ ಮನಸ್ಸು; ಆದರೆ ಪಾದ ಸಿಕ್ಕಿಕೊಳ್ಳುವುದು ಇಂಥ ಹೊತ್ತಿನಲ್ಲೇ. ನೀರು ತೆಳುವಾದಷ್ಟೂ ಬಿದ್ದವನ ತಲೆಗೂ ಬಂಡೆಗೂ ನಡುವಿನ ಅಂತರ ತೆಳುವಾಗುತ್ತದೆ.

ಮೂರನೆಯದು ಮೇ ತಿಂಗಳ ಒಂದು ದಿನ. ರಾಜ್ಯದ ಇತರ ಹೊಳೆಗಳು ಬತ್ತಿ ಮರಳು ಕಾಣುತ್ತಿದ್ದಾಗ ಕಾಳಿ ಮಾತ್ರ ತುಂಬಿ ಹರಿಯುತ್ತಿತ್ತು. ಅದಕ್ಕೆ ಕಾರಣ ಮಳೆಯಲ್ಲ, ವಿದ್ಯುತ್ತಿನ ಬೇಡಿಕೆ. ಬೇಸಿಗೆಯಲ್ಲಿ ಅಫಜಲಪುರದ ಕಬ್ಬಿನ ಹೊಲದ ಪಂಪ್‌ಸೆಟ್ಟೂ ಬೆಂಗಳೂರಿನ ಮನೆಯ ಹವಾನಿಯಂತ್ರಕವೂ ಒಟ್ಟಿಗೆ ತಿರುಗತೊಡಗಿದಾಗ ಸೂಪಾದ ಯಂತ್ರಗಳೂ ತಿರುಗುತ್ತವೆ, ಗಣೇಶಗುಡಿಯಲ್ಲಿ ನದಿ ಏರುತ್ತದೆ. ಮಳೆಗಾಲದಲ್ಲಿ ಜಲಾಶಯ ನೀರನ್ನು ಕೂಡಿಡುತ್ತದೆ. ತೆಪ್ಪಗಳೂ ಸಾಮಾನ್ಯವಾಗಿ ದಡ ಸೇರುತ್ತವೆ. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ಬೇಡಿಕೆಯ ರೇಖೆಗಳನ್ನು ಎಷ್ಟೋ ಎಳೆದಿದ್ದೇನೆ. ಆ ರೇಖೆಯೊಂದು ಬಂಡೆಯ ಮೇಲೆ ನೀರಿನ ಗುರುತಾಗಿ ಏರುವುದನ್ನು ಕಂಡದ್ದು ಅಂದೇ.

ಆ ದಿನ ಬಂಡೆಗಳ ನೆತ್ತಿಗಳು ಕಾಣುತ್ತಿರಲಿಲ್ಲ. ಡಿಸೆಂಬರಿನಲ್ಲಿ ಬೆದರಿಸಿದ್ದ ಒಂದು ಇಳಿಜಾರು ನೀರಿನಡಿ ಅಡಗಿ ಬರೀ ಉಬ್ಬಾಗಿತ್ತು. ಗಮನಕ್ಕೇ ಬಾರದಿದ್ದ ಇನ್ನೊಂದು ಕಡೆ ನೀರು ಬಂಡೆಯನ್ನು ಹತ್ತಿ ಆಚೆ ಧುಮುಕಿ, ತನ್ನ ಮೇಲೆ ತಾನೇ ಹಿಂದಿರುಗಿ ಉರುಳುತ್ತಿತ್ತು. ಇಂಥ ಉರುಳು ತೆಪ್ಪವನ್ನು ಹಿಡಿದು ನಿಲ್ಲಿಸಿಬಿಡಬಲ್ಲದು. ಬಂಡೆಯ ಹಿಂದಿನ ವಿಶ್ರಾಂತಿಯ ಜಾಗಗಳು ಮಾಯವಾಗಿದ್ದವು. ಬಿದ್ದವನು ಮುಂದಿನ ಮಡುವಿನವರೆಗೆ ಅಲ್ಲ, ಅದರಾಚೆಯವರೆಗೂ ಹೋಗಬೇಕಿತ್ತು. ನೀರು ದಡದ ಗಿಡಗಳೊಳಗೆ ನುಗ್ಗಿತ್ತು. ಕೊಂಬೆಗಳ ಸಂದಿನಲ್ಲಿ ನೀರು ಹಾಯ್ದುಹೋಗುತ್ತದೆ, ಮನುಷ್ಯ ಹಾಯಲಾರ. ನಮ್ಮ ಮಾರ್ಗದರ್ಶಿ ದಡದ ಒಂದು ಬಂಡೆಯನ್ನು ನೋಡಿ, ‘ಇದು ಮುಳುಗೋವರೆಗೆ ಹೊಸಬರನ್ನು ಕರೆದೊಯ್ತೀನಿ. ಮುಳುಗಿದರೆ ಇಲ್ಲ’ ಎಂದ. ಅಂದು ಅದರ ಮೇಲ್ಭಾಗ ಒಂದು ಗೇಣು ಉಳಿದಿತ್ತು. ಹೋಗಿ ಬಂದೆವು. ಮೊಮ್ಮಗ ಅಂದು ನಗಲಿಲ್ಲ.

ಹಾಗಾದರೆ ‘ಹೊಸಬರ ನದಿ’ ಎಂಬುದರ ಅರ್ಥವೇನು? ನದಿಯ ಹೆಸರಿನ ಮುಂದೆ ಒಂದು ದರ್ಜೆ ಬರೆದರೆ ಸಾಲದು. ಯಾವ ಮಟ್ಟದ ನೀರಿಗೆ ಆ ದರ್ಜೆ ಎಂಬುದನ್ನೂ ಬರೆಯಬೇಕು. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಸುಮಾರು 28 ಲೀಟರು. 1000 ಕ್ಯೂಸೆಕ್ ಎಂದರೆ ಪ್ರತಿ ಸೆಕೆಂಡಿಗೂ 28 ಟನ್ ನೀರು. ಹರಿವು ಅಲ್ಲಿಂದ ಎರಡರಷ್ಟಾದರೆ ನದಿ ಎರಡರಷ್ಟು ಕಠಿಣವಾಗುತ್ತದೆ ಎಂಬ ಸರಳ ಗಣಿತ ಇಲ್ಲಿ ನಡೆಯದು. ಒಂದು ಮಟ್ಟದವರೆಗೆ ಸಲೀಸು, ಅದರ ಮೇಲೆ ಇದ್ದಕ್ಕಿದ್ದಂತೆ ದುರ್ಗಮ. ಹೆಬ್ರಿ ಸಮೀಪದ ಸೀತಾನದಿ, ದಕ್ಷಿಣ ಕೊಡಗಿನ ಬರಪೊಳೆ, ದುಬಾರೆಯ ಕಾವೇರಿ ಇವೆಲ್ಲ ಮಳೆಯನ್ನೇ ನಂಬಿದ ಹರಿವುಗಳು. ಅಲ್ಲಿ ಘಟ್ಟದಲ್ಲಿ ರಾತ್ರಿ ಸುರಿದ ಮಳೆಯೇ ಬೆಳಗಿನ ದರ್ಜೆಯನ್ನು ಬರೆಯುತ್ತದೆ. ಕಾಳಿಯಲ್ಲಾದರೋ ಅದನ್ನು ಬರೆಯುವುದು ವಿದ್ಯುತ್ ಜಾಲದ ನಿಯಂತ್ರಣ ಕೊಠಡಿ.

ಈ ಜ್ಞಾನ ಇರುವುದು ಮಾರ್ಗದರ್ಶಿಯ ತಲೆಯಲ್ಲಿ. ಹಣ ಕೊಟ್ಟು ತೆಪ್ಪ ಹತ್ತುವವನಿಗೆ ಅದು ಗೊತ್ತಿಲ್ಲ. ಮಾರುವವನಿಗೆ ತಿಳಿದಿರುವುದು ಕೊಳ್ಳುವವನಿಗೆ ತಿಳಿಯದಿದ್ದಾಗ ಮಾರುಕಟ್ಟೆ ಹೇಗೆ ಹದಗೆಡುತ್ತದೆಂಬುದನ್ನು ಜಾರ್ಜ್ ಅಕರ್ಲಾಫ್ 1970ರಲ್ಲೇ ಹಳೆಯ ಕಾರುಗಳ ಉದಾಹರಣೆಯಿಂದ ತೋರಿಸಿದರು. 2001ರಲ್ಲಿ ಅವರಿಗೆ ನೊಬೆಲ್ ಪುರಸ್ಕಾರ ಬರಲು ಆ ಚಿಂತನೆಯೇ ಕಾರಣ. ನೊರೆನೀರಿನ ವ್ಯಾಪಾರಕ್ಕೂ ಆ ಮಾತು ಸಲ್ಲುತ್ತದೆ. ನೀರು ಏರಿದರೂ ಇಳಿದರೂ ಟಿಕೆಟ್ಟಿನ ದರ ಒಂದೇ. ರಜೆಯ ದಿನ ಸಾಲಿನಲ್ಲಿ ನಿಂತ ಗಿರಾಕಿಯನ್ನು ಹಿಂದಕ್ಕೆ ಕಳಿಸಿದರೆ ನಷ್ಟ, ಇನ್ನಿಬ್ಬರನ್ನು ಹೆಚ್ಚಿಗೆ ಕೂರಿಸಿದರೆ ಲಾಭ. 2022ರ ಏಪ್ರಿಲಿನಲ್ಲಿ ಗಣೇಶಗುಡಿಯ ಬಳಿ ಮಿತಿಮೀರಿ ಪ್ರವಾಸಿಗರನ್ನು ಹೊತ್ತಿದ್ದ ತೆಪ್ಪವೊಂದು ಅಪಾಯಕ್ಕೆ ಸಿಲುಕಿದ ದೃಶ್ಯವನ್ನು ನಾಡೆಲ್ಲ ನೋಡಿತು. ಆಡಳಿತ ಕೆಲಕಾಲ ಜಲಕ್ರೀಡೆಗಳನ್ನೇ ನಿಲ್ಲಿಸಿತು. ಅವಘಡವಾದಾಗ ಎಲ್ಲವನ್ನೂ ನಿಲ್ಲಿಸುವುದು, ಮರೆತ ಮೇಲೆ ಎಲ್ಲವನ್ನೂ ಬಿಡುವುದು ನಮ್ಮ ಆಡಳಿತದ ಹಳೆಯ ರೂಢಿ. ಆ ಆಡಳಿತದ ಭಾಗವಾಗಿದ್ದವನಾಗಿ ನಾನಿದನ್ನು ಹೇಳುತ್ತಿದ್ದೇನೆ.

ಇನ್ನು ನಮ್ಮ ಸೀಮೆಯ ಮಾತು. ತೆಂಗಳಿಯಿಂದ ಮಳಖೇಡ ದೂರವಿಲ್ಲ. ರಾಷ್ಟ್ರಕೂಟರ ಮಾನ್ಯಖೇಟವಾಗಿದ್ದ ಆ ಊರನ್ನು ಬಳಸಿ ಕಾಗಿಣಾ ಹರಿಯುತ್ತದೆ. ತೆಲಂಗಾಣದ ವಿಕಾರಾಬಾದ್ ಕಡೆಯಿಂದ ಬಂದು, ಸೇಡಂ, ಚಿತ್ತಾಪುರ ಸೀಮೆಗಳನ್ನು ದಾಟಿ, ಶಹಾಬಾದ್ ಬಳಿ ಭೀಮೆಯನ್ನು ಸೇರುವ ಈ ಹೊಳೆಯಲ್ಲಿ ಯಾರೂ ಮೋಜಿನ ತೆಪ್ಪ ಬಿಡುವುದಿಲ್ಲ. ಬೇಸಿಗೆಯಲ್ಲಿ ಹಾಸುಗಲ್ಲಿನ ತಳ ತೋರಿಸುತ್ತ ಅಲ್ಲಲ್ಲಿ ಮಡುಗಟ್ಟಿ ನಿಲ್ಲುವ ಅದು, ಚಿಂಚೋಳಿ ಕಡೆಯ ಮುಲ್ಲಾಮಾರಿಯೂ ಬೆಣ್ಣೆತೊರೆಯೂ ತುಂಬಿ ಬಂದಾಗ ಗಂಟೆಗಳ ಲೆಕ್ಕದಲ್ಲಿ ಏರುತ್ತದೆ. 2020ರ ಅಕ್ಟೋಬರಿನ ಮಳೆಯಲ್ಲಿ ಮಳಖೇಡದ ಸೇತುವೆ ಮುಳುಗಿ ಸೇಡಂ–ಕಲಬುರಗಿ ಸಂಪರ್ಕ ಕಡಿದದ್ದು ನಮ್ಮವರ ನೆನಪಿನಲ್ಲಿದೆ. ದಂಡೆಯ ಊರಿನಲ್ಲಿದ್ದ ನನ್ನ ಸೋದರಮಾವನ ಮನೆಗೆ ಹೋದಾಗಲೆಲ್ಲ ಅಲ್ಲಿನ ಮುದುಕ ಅಂಬಿಗನೊಬ್ಬ ನಮಗೆ ಹೇಳುತ್ತಿದ್ದ: ‘ತಮ್ಮಾ, ಮೊದಲು ಹೊಳಿ ಬಣ್ಣ ನೋಡು, ಆಮ್ಯಾಲ ತೇಲಿ ಬರೂ ಕಸಾ ಕಡ್ಡಿ ನೋಡು, ಆಳ ಕಡೀಗಿ ನೋಡು.’ ನೀರು ಕೆಂಪಾದರೆ ಮೇಲೆ ಮಳೆಯಾಗಿದೆ. ಕಸಕಡ್ಡಿ ತೇಲಿಬಂದರೆ ಹೊಳೆ ಏರುತ್ತಿದೆ. ಆ ಕಡ್ಡಿ ಹೋಗುವ ಓಟವೇ ಹರಿವಿನ ವೇಗ. ಗಣೇಶಗುಡಿಯ ಯುವಕನ ಪಾಠ ಇದಕ್ಕಿಂತ ಬೇರೆಯೇನಲ್ಲ. ಹರಿಗೋಲುಗಳು ಹೋದವು, ಸೇತುವೆಗಳು ಬಂದವು. ಆ ಅರಿವು ಮಾತ್ರ ಅಂಬಿಗನೊಡನೆಯೇ ಹೋಯಿತು.

ಕೆಳಮಟ್ಟದ ಸೇತುವೆಯ ಅಪಾಯ ನದಿಯ ಅಪಾಯಕ್ಕಿಂತ ಹೆಚ್ಚಿನದು. ನದಿಯ ಬಂಡೆಗಳ ನಡುವೆ ಎಲ್ಲಾದರೂ ದಾರಿ ಇರುತ್ತದೆ. ಸೇತುವೆಯಾದರೋ ದಡದಿಂದ ದಡದವರೆಗೆ ಒಂದೇ ಸಮನಾದ ಅಡ್ಡಗೋಡೆ. ಮೇಲಿನ ಬದಿಯಲ್ಲಿ ನೀರು ಕಮಾನುಗಳೊಳಗೆ, ಕೊಳವೆಗಳೊಳಗೆ ಎಳೆಯುತ್ತದೆ. ಕೆಳಬದಿಯಲ್ಲಿ ಧುಮುಕಿದ ನೀರು ಹಿಂದಿರುಗಿ ಉರುಳಿ, ಬಿದ್ದವನನ್ನು ಮತ್ತೆ ಮತ್ತೆ ಒಳಗೆಳೆಯುತ್ತದೆ. ಬಾಂದಾರಗಳ ಕೆಳಗೂ ಇದೇ ಕಥೆ. ಪಳಗಿದ ತೆಪ್ಪದವರು ದೂರದಿಂದಲೇ ದಡ ಸೇರಿ, ತೆಪ್ಪವನ್ನು ಹೊತ್ತು ದಾಟಿಸುವುದು ಇಂಥ ಜಾಗಗಳಲ್ಲಿ. ಅದೇ ಜಾಗವನ್ನು ನಮ್ಮ ಶಾಲೆಯ ಮಕ್ಕಳು ಚಪ್ಪಲಿ ಕೈಯಲ್ಲಿ ಹಿಡಿದು ದಾಟುತ್ತಾರೆ.

ಹಾಲಿನ ಹುಡುಗ ಅಜಾಗರೂಕನೆಂದು ಅಂದು ನಾನು ನಂಬಿದ್ದೆ. ಇಂದು ಹಾಗೆ ತೋರುವುದಿಲ್ಲ. ಅವನ ಮುಂದಿದ್ದ ಲೆಕ್ಕ ಸ್ಪಷ್ಟವಾಗಿತ್ತು: ದಾಟದಿದ್ದರೆ ಹಾಲು ಕೆಡುತ್ತದೆ, ನಷ್ಟ ಪೂರ್ತಿ ತನ್ನದು, ಸುತ್ತುದಾರಿ ಹಿಡಿದರೆ ಹೊತ್ತು ಮೀರುತ್ತದೆ, ನಿನ್ನೆ ಇಷ್ಟೇ ನೀರಿದ್ದಾಗ ದಾಟಿದ್ದಾನೆ. ಇಂದು ಹರಿವಿನ ವೇಗ ಹೆಚ್ಚಿದೆ ಎಂಬ ಒಂದು ಸಂಗತಿ ಮಾತ್ರ ಅವನ ಲೆಕ್ಕಕ್ಕೆ ಸಿಗಲಿಲ್ಲ. ಅದನ್ನು ತಿಳಿಸಬೇಕಾಗಿದ್ದವರು ನಾವು. ಸೇತುವೆಯ ಎರಡೂ ತುದಿಯಲ್ಲಿ ಒಂದು ಕಂಬವಿರಲಿಲ್ಲ, ಅಡ್ಡಗಟ್ಟೆಯಿರಲಿಲ್ಲ, ಕಾವಲಿನವನಿರಲಿಲ್ಲ. ಮೋಜಿಗೆ ನೀರಿಗಿಳಿಯುವವನಿಗೆ ಶಿರಸ್ತ್ರಾಣ, ಕವಚ, ಮಾರ್ಗದರ್ಶಿ. ಹೊಟ್ಟೆಪಾಡಿಗೆ ನೀರಿಗಿಳಿಯುವವನಿಗೆ ಸತ್ತ ಮೇಲೆ ಪರಿಹಾರದ ಚೆಕ್ಕು. ಈ ಅಸಮತೆಯನ್ನು ಯಾವ ಅರ್ಥಶಾಸ್ತ್ರವೂ ಸಮರ್ಥಿಸಲಾರದು.

ಮಾಡಬಹುದಾದದ್ದು ದುಬಾರಿಯಲ್ಲ. ತೆಪ್ಪ ಇಳಿಯುವ ಪ್ರತಿ ಜಾಗದಲ್ಲೂ ಹಸಿರು, ಹಳದಿ, ಕೆಂಪು ಬಣ್ಣಗಳ ಮಟ್ಟಸೂಚಕ ಕಂಬವಿರಲಿ. ಹೊಸಬರಿಗೆ ಹಸಿರು ಮಾತ್ರ. ತೀರ ಕೆಳಗಿನ ಮಟ್ಟಕ್ಕೂ ಕೆಂಪು ಬಣ್ಣವೇ ಇರಲಿ. ಅಂದಿನ ಮಟ್ಟವನ್ನೂ ತೆಪ್ಪವೊಂದಕ್ಕೆ ಮಂದಿಯ ಮಿತಿಯನ್ನೂ ಕನ್ನಡದಲ್ಲಿ ಹಲಗೆಯ ಮೇಲೆ ಬರೆಯುವುದು ಪರವಾನಗಿಯ ಷರತ್ತಾಗಲಿ. ಅಣೆಕಟ್ಟಿನ ಯಂತ್ರಗಳು ತಿರುಗುವ ವೇಳೆ ಕೆಳಗಿನ ಹಳ್ಳಿಗಳ ಬಟ್ಟೆ ಒಗೆಯುವವರಿಗೂ ಮೀನು ಹಿಡಿಯುವವರಿಗೂ ಮುಂಚಿತವಾಗಿ ತಿಳಿಯಲಿ. ಕೇಂದ್ರ ಜಲ ಆಯೋಗ ಭೀಮೆಯ ಮೇಲೆ ದೇವನಗಾಂವ, ಯಾದಗಿರಿಗಳಲ್ಲಿ ಮಟ್ಟ ಅಳೆಯುತ್ತದೆ; ಅದೇ ಶಿಸ್ತು ಸಣ್ಣ ಹೊಳೆಗಳ ಕೆಳಮಟ್ಟದ ಸೇತುವೆಗಳಿಗೂ ಬರಲಿ. ನೀರು ಸೇತುವೆಯ ಮೇಲೆ ಬಂದೊಡನೆ, ಆಳ ಎಷ್ಟೇ ಇರಲಿ, ರೈಲ್ವೆ ಗೇಟಿನಂತೆ ಅಡ್ಡಗಂಬ ಬೀಳಲಿ. ಅದನ್ನು ಕಾಯುವ ಕೆಲಸಕ್ಕೆ ಆ ಊರಿನ ಅಂಬಿಗ ಮನೆತನದವರನ್ನೇ ಮಳೆಗಾಲದ ಮಟ್ಟಿಗೆ ನೇಮಿಸಿದರೆ ಸಂಬಳವೂ ಸಾರ್ಥಕ, ಅರಿವೂ ಉಳಿಯುತ್ತದೆ. ಎತ್ತರದ ಸೇತುವೆಯೇ ಶಾಶ್ವತ ಪರಿಹಾರವೆಂಬುದು ನಿಜ. ಆದರೆ ಅಂದಾಜುಪಟ್ಟಿ, ಮಂಜೂರಾತಿ, ಟೆಂಡರುಗಳ ದಾರಿ ಎಷ್ಟು ಉದ್ದವೆಂದು ಬಲ್ಲೆ. ಅಲ್ಲಿಯವರೆಗೆ ಮಳೆಗಾಲಗಳು ಕಾಯುವುದಿಲ್ಲ.

ಗೇಟು ಹಾಕಿದರೂ ಜನ ನುಸುಳುತ್ತಾರೆ ಎಂಬ ಆಕ್ಷೇಪ ಬರುತ್ತದೆ. ನುಸುಳುತ್ತಾರೆ. ಅದಕ್ಕೇ ಶಾಲೆಯ ಪಾಠ ಬೇಕು. ಹರಿಯುವ ನೀರಿನ ತಳ್ಳುವಿಕೆಯನ್ನು ಪುಸ್ತಕದಲ್ಲಿ ಸೂತ್ರವಾಗಿ ಓದಿದವನು ನಾನು. ಅದು ನನಗೆ ಅರ್ಥವಾದದ್ದು ಅರವತ್ತೆರಡನೆಯ ವಯಸ್ಸಿನಲ್ಲಿ, ಬಲಗಾಲು ಎತ್ತಿದ ಒಂದು ಕ್ಷಣದಲ್ಲಿ. ಪಟ್ಟಿ ಹಿಡಿಯುವ ಕೈಯೊಂದು ಜೊತೆಗಿದ್ದಾಗ ಆ ಕ್ಷಣವನ್ನು ಪ್ರತಿ ಮಗುವೂ ಒಮ್ಮೆ ಅನುಭವಿಸಿದರೆ, ಮೊಣಕಾಲುದ್ದ ನೀರನ್ನು ಕಂಡಾಗ ಅದರ ಕಾಲು ತಾನಾಗಿ ಹಿಂದೆ ಸರಿಯುತ್ತದೆ.

ಆ ಹಳೆಯ ಕಡತ ಈಗ ಯಾವ ದಾಖಲೆ ಕೊಠಡಿಯಲ್ಲಿದೆಯೋ, ಇದೆಯೋ ಇಲ್ಲವೋ. ಇದ್ದರೆ, ನನ್ನ ಸಹಿಯ ಮೇಲಿನ ಆ ವಾಕ್ಯದಿಂದ ಒಂದು ಪದವನ್ನು ಹೊಡೆದುಹಾಕಲು ಅನುಮತಿ ಕೇಳುತ್ತಿದ್ದೆ. ಸೇತುವೆಯ ಮೇಲೆ ಮೊಣಕಾಲುದ್ದ ನೀರಿತ್ತು. ಅಷ್ಟು ಸಾಕಾಗಿತ್ತು.